ಮೆಟ್ಟಿಲಡಿಯ ಕಾರಣಿಕ

ಕುಲಶೇಖರದ ನಳಿನಾಕ್ಷಿಗೆ ದೇವರು ಕೊಟ್ಟ ಆಸ್ತಿ ಒಂದೇ, ಅದು ಬಾಯಿ. ಹಾಗೆಂದು ಜಗಳಗಂಟಿ ಎಂದುಕೊಳ್ಳಬೇಡಿ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಮನೆಯ ಹೆಸರು, ತವರಿನ ಊರು, ತಂಗಿಯ ಮದುವೆ ನಿಂತುಹೋದ ಕಾರಣ, ಇಷ್ಟನ್ನೂ ನಂತೂರು ದಾಟುವುದರೊಳಗೆ ತಿಳಿದುಕೊಳ್ಳುವಂಥ ಬಾಯಿ. ತಾಯಿ ಬೀಡಿ ಕಟ್ಟಿ ಸಾಕಿದ ಮಗಳು ಅವಳು. ನಾಲ್ಕು ಮನೆಯ ಹೆಂಗಸರು ಒಂದೇ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತಿರುವಾಗ ಮಧ್ಯದಲ್ಲಿ ಬೆಳೆದವಳಿಗೆ ಮಾತು ಬರುವುದಿಲ್ಲವೆಂದರೆ ಅದೇ ಆಶ್ಚರ್ಯ. ಗಂಡ ಮುಖೇಶ್ ಸೌದಿಯ ದಮ್ಮಾಮಿನಲ್ಲಿ ಲಾರಿ ಓಡಿಸಿ, ಬೆನ್ನಿನ ನರ ಕೆಡಿಸಿಕೊಂಡು ಊರಿಗೆ ಬಂದು ಮಲಗಿದ ಮೇಲೆ ಸಂಸಾರದ ನೊಗ ಇವಳ ಹೆಗಲಿಗೆ ಬಿತ್ತು. ಬಲ್ಮಠದ ಒಂದು ಖಾಸಗಿ ಕಾಲೇಜಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು, ಅದೂ ತಾತ್ಕಾಲಿಕ. ಎಪ್ರಿಲಿನಲ್ಲಿ ಹೋಗುವ ಕೆಲಸ, ಜೂನಿನಲ್ಲಿ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು ಮತ್ತೆ ಕೇಳಿ ಪಡೆಯುವ ಕೆಲಸ. ಹೀಗೆ ಎಷ್ಟೋ ಜೂನ್ ಕಳೆದವು. ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು.

ಆಗ ಅರ್ಥಶಾಸ್ತ್ರದ ರಘುವೀರ ಸರ್ ಅವಳನ್ನು ತಮ್ಮ ಪ್ರಯೋಗಾಲಯಕ್ಕೆ ಕರೆದರು. ಕದ್ರಿ ಕಡೆಯ ಅರ್ಚಕರ ಮನೆತನದವರು ಸರ್. ಅಣ್ಣ ಪೂಜೆ ಮಾಡುತ್ತಾರೆ, ತಾನು ಮಾತ್ರ ಅಂಕಿ ಅಂಶ ಬಿಟ್ಟು ಬೇರೆ ಯಾವುದಕ್ಕೂ ಕೈಮುಗಿಯುವವನಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಅವರಿಗೊಂದು ಸಣ್ಣ ಹೆಮ್ಮೆ. ಪ್ರಯೋಗಾಲಯ ಎಂದಾಗ ನಳಿನಾಕ್ಷಿ ಆಸಿಡ್ಡಿನ ಬಾಟಲಿಗಳನ್ನು ನೆನೆದು ಹೆದರಿದ್ದಳು. ಹಿಂದಿನ ಹಳೇ ಕಟ್ಟಡದ ಮೇಲಿನ ಮಾಳಿಗೆಗೆ ಹತ್ತಿ ನೋಡಿದರೆ ಬಾಟಲಿಯೂ ಇಲ್ಲ, ಬರ್ನರೂ ಇಲ್ಲ. ಪರದೆ ಕಟ್ಟಿದ ಸಾಲು ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಸ್ಟೀಲಿನ ಲೋಟ, ಲೋಟದೊಳಗೆ ಒಂದು ದಾಳ. ಇಲ್ಲಿ ಎಂತದರ ಪರೀಕ್ಷೆ ಮಾಡುವುದು ಎಂದು ಕೇಳಿದಳು. ಮನುಷ್ಯರದ್ದು ಎಂದರು ಸರ್.

ಪರೀಕ್ಷೆ ಬಹಳ ಸುಲಭದ್ದು. ಬಂದವರು ಒಬ್ಬೊಬ್ಬರಾಗಿ ಗೂಡಿನೊಳಗೆ ಹೋಗಬೇಕು, ಲೋಟ ಅಲ್ಲಾಡಿಸಿ ದಾಳ ಉರುಳಿಸಬೇಕು, ಬಿದ್ದ ಸಂಖ್ಯೆಯನ್ನು ಹೊರಗೆ ಬಂದು ಹೇಳಬೇಕು. ಸಂಖ್ಯೆ ದೊಡ್ಡದಾದಷ್ಟೂ ಕೈಗೆ ಸಿಗುವ ಹಣ ಹೆಚ್ಚು. ಒಳಗೆ ಬಿದ್ದದ್ದೇನೆಂದು ಉರುಳಿಸಿದವರನ್ನು ಬಿಟ್ಟು ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಎರಡು ಬಿದ್ದರೂ ಆರು ಎನ್ನಬಹುದು. ಹಾಗಾದರೆ ಸುಳ್ಳು ಹಿಡಿಯುವುದು ಹೇಗೆ? ಅದನ್ನು ನಳಿನಾಕ್ಷಿಗೆ ಬಿಡಿಸಿ ಹೇಳಿದವಳು ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಶ್ರಾವಣಿ. ಎಲ್ಲರೂ ಸತ್ಯ ಹೇಳಿದರೆ ಒಂದರಿಂದ ಆರರವರೆಗೆ ಎಲ್ಲ ಸಂಖ್ಯೆಗಳೂ ಹೆಚ್ಚುಕಡಿಮೆ ಸಮ ಬರಬೇಕು. ಐದು ಆರುಗಳೇ ರಾಶಿ ಬಿದ್ದರೆ ಜನ ಸುಳ್ಳು ಹೇಳಿದ್ದಾರೆ ಎಂದು ಅರ್ಥ. ಯಾರು ಹೇಳಿದರು ಎಂದು ಗೊತ್ತಾಗುವುದಿಲ್ಲ ಅಕ್ಕ, ಎಷ್ಟು ಮಂದಿ ಹೇಳಿದರು ಎಂದು ಮಾತ್ರ ಗೊತ್ತಾಗುತ್ತದೆ ಎಂದಳು ಹುಡುಗಿ.

ಈ ಪ್ರಯೋಗಾಲಯಕ್ಕೆ ಒಂದು ಕಟ್ಟುನಿಟ್ಟು ಇತ್ತು. ಬಂದವರು ನಮಗೆ ಸುಳ್ಳು ಹೇಳಬಹುದು, ನಾವು ಬಂದವರಿಗೆ ಒಂದೇ ಒಂದು ಸುಳ್ಳೂ ಹೇಳುವಂತಿಲ್ಲ. ಹೇಳಿದ್ದು ಗೊತ್ತಾದರೆ ಲೋಕದ ಯಾವ ವಿದ್ವಾಂಸರೂ ಆ ಪ್ರಯೋಗವನ್ನು ಮೂಸಿಯೂ ನೋಡುವುದಿಲ್ಲವಂತೆ. ಮೊದಲ ದಿನವೇ ಸರ್ ಇದನ್ನು ಹೇಳಿದಾಗ ನಳಿನಾಕ್ಷಿ ತಲೆಯಾಡಿಸಿದ್ದಳು. ಅವಳ ಕೆಲಸವಾದರೂ ಎಂಥದ್ದು? ಊರಿನಿಂದ ಜನ ಹೊಂದಿಸಿ ತರುವುದು, ಮೆಟ್ಟಿಲ ಮೇಲೆ ಕಾಯಲು ಕೂರಿಸುವುದು, ಒಬ್ಬೊಬ್ಬರನ್ನಾಗಿ ಒಳಗೆ ಬಿಡುವುದು. ಅಷ್ಟಕ್ಕೆ ಆ ಬಾಯಿ ಧಾರಾಳ ಸಾಕಿತ್ತು. ಪ್ರಾಜೆಕ್ಟು ಚೆನ್ನಾಗಿ ನಡೆದರೆ ಹುದ್ದೆ ಖಾಯಂ ಮಾಡಿಸುತ್ತೇನೆ ಎಂದೂ ಸರ್ ಮಾತು ಕೊಟ್ಟರು. ಖಾಯಂ ಎಂಬ ಶಬ್ದ ಕೇಳಿ ಮುಖೇಶ್ ಮಲಗಿದಲ್ಲಿಂದ ಎದ್ದು ಕುಳಿತನಂತೆ.

ಮೊದಲು ಅವಳು ಕರೆತಂದದ್ದು ತನ್ನ ಕುಲಶೇಖರದವರನ್ನೇ. ಜೊತೆಗೆ ಬೀಡಿ ಕಟ್ಟಿದವರು, ಸ್ವಸಹಾಯ ಸಂಘದವರು, ಅಂಗಡಿಯವರು. ಆ ದಿನದ ಲೆಕ್ಕವನ್ನು ಸರ್ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸಿದರು. ಒಂದು, ಎರಡು, ಮೂರರ ಮೇಲೆ ಮೋಟು ಗೂಟಗಳು. ಆರರ ಮೇಲೆ ಮಾತ್ರ ತೆಂಗಿನಮರದ ಹಾಗೆ ಒಂದು ಕಂಬ ಎದ್ದು ನಿಂತಿತ್ತು. ನಮ್ಮ ಊರಿನವರು ಜೋರುಂಟು ಮಾರಾಯ್ತಿ ಎಂದು ಶ್ರಾವಣಿಗೆ ಹೇಳಿ ಸರ್ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಲೆಕ್ಕದವರ ನಗು. ಆದರೆ ನಳಿನಾಕ್ಷಿಯ ಮೈಯೆಲ್ಲ ಉರಿದುಹೋಯಿತು.

ಏಕೆಂದರೆ ಆ ಕಂಬ ಹೊರಗಿನವರ ಮುಂದೆಯೂ ಹೋಗಲಿಕ್ಕಿತ್ತು. ಬೇರೆ ಬೇರೆ ದೇಶದ ಊರುಗಳನ್ನು ಸಾಲಾಗಿ ಬರೆದು, ಅದರಲ್ಲಿ ಮಂಗಳೂರಿನದೂ ಒಂದು ಚಿತ್ರ ಇಡುವವರಿದ್ದರು. ಸುಳ್ಳು ಹೇಳಿದವರು ಹಣ ಹಿಡಿದು ಮನೆಗೆ ಹೋದರು. ಸತ್ಯ ಹೇಳಿ ಒಂದಕ್ಕೋ ಎರಡಕ್ಕೋ ಸಿಕ್ಕಿದ್ದನ್ನು ತೆಗೆದುಕೊಂಡು ಹೋದವರೂ ಅದೇ ಕಂಬದ ಕೆಳಗೆ ಬಂದರು. ಅವರ ಮರ್ಯಾದೆ ಎಲ್ಲಿ ಹೋಯಿತು ಸರ್ ಎಂದು ಕೇಳಿಯೇ ಬಿಟ್ಟಳು. ಪ್ರಯೋಗದಲ್ಲಿ ಮರ್ಯಾದೆ ಅಳೆಯಲಿಕ್ಕೆ ಆಗುವುದಿಲ್ಲ ಎಂದರು ಅವರು. ಅಳೆಯಲಿಕ್ಕೆ ಆಗುವುದಿಲ್ಲ, ತೆಗೆಯಲಿಕ್ಕೆ ಮಾತ್ರ ಆಗುತ್ತದೆ ಎಂದು ಗೊಣಗುತ್ತ ಅವಳು ಮೆಟ್ಟಿಲಿಳಿದಳು.

ಮುಂದಿನ ಸರದಿಯಲ್ಲಿ ರಿಕ್ಷಾದವರು, ಹೋಟೆಲಿನವರು, ಟೈಲರ್ ವಾಲ್ಟರ್ ಎಲ್ಲ ಹೊಸದಾಗಿ ಹಾಕಿಸಿದ್ದ ಉದ್ದ ಬೆಂಚಿನ ಮೇಲೆ ಕುಳಿತಿದ್ದರು. ರಿಕ್ಷಾ ಓಡಿಸುವ ಅರ್ಶದ್ ತಮಾಷೆಯ ಆಸಾಮಿ. ಒಳಗೆ ಹೋಗಿ ಕಣ್ಣು ಮುಚ್ಚಿ ಆರು ಎಂದು ಹೇಳಿ ಬನ್ನಿ, ಯಾರಪ್ಪನ ಗಂಟು ಹೋಗುವುದು ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಳಿನಾಕ್ಷಿಯ ಕಣ್ಣೆದುರು ಆ ತೆಂಗಿನಮರ ಮತ್ತೆ ಎದ್ದು ನಿಂತಿತು. ತಡೆಯಲಾರದೆ ಬಾಯಿಬಿಟ್ಟಳು.

"ಹಾಗೆಲ್ಲ ಹೇಳ್ಬೇಡಿ ಅರ್ಶದಣ್ಣ. ಇದು ಕಾರಣಿಕದ ಜಾಗ. ಈ ಮೆಟ್ಟಿಲಿನ ಅಡಿಯಲ್ಲಿ ಮೊದಲು ದೈವದ ಕಲ್ಲು ಇತ್ತು."

ಎಲ್ಲಿಂದ ಬಂತು ಆ ಮಾತು? ಅವಳಿಗೇ ಗೊತ್ತಿಲ್ಲ. ಮೆಟ್ಟಿಲಿನ ಅಡಿಯಲ್ಲಿ ಇದ್ದದ್ದು ಅವಳದೇ ಬಕೆಟ್ಟು, ನೆಲ ಒರಸುವ ಬಟ್ಟೆ, ಕಟ್ಟಡ ಕಟ್ಟಿದಾಗ ಮಿಕ್ಕಿದ ಒಂದು ಕೆಂಪು ಮುರಕಲ್ಲು. ಆದರೆ ನಮ್ಮ ಕಡೆ ಕಾರಣಿಕ ಎಂದ ಮೇಲೆ ಮುಗಿಯಿತು. ದೈವ ಇಲ್ಲಿ ಎಚ್ಚರವಾಗಿದೆ, ಸತ್ಯಕ್ಕೂ ಸುಳ್ಳಿಗೂ ಕೂಡಲೇ ಫಲ ತೋರಿಸುತ್ತದೆ ಎಂದು ಅರ್ಥ. ಅದಕ್ಕೆ ಜಾತಿ ಮತ ಉಂಟೇ? ಅರ್ಶದ್ ಕೂತಲ್ಲೇ ನೆಟ್ಟಗಾದ. ಜಾಗದ ವಿಷಯದಲ್ಲಿ ತಮಾಷೆ ಮಾಡಬಾರದು, ಗೊತ್ತಿರಲಿಲ್ಲ ಎಂದ. ವಾಲ್ಟರ್ ಯಾರಿಗೂ ಕಾಣದ ಹಾಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಬೆಂಚು ಪೂರ್ತಿ ತಣ್ಣಗಾಯಿತು.

ಅವತ್ತಿನ ಚಿತ್ರದಲ್ಲಿ ಕಂಬ ಇರಲಿಲ್ಲ. ಆರೂ ಗೂಟಗಳು ಒಂದೇ ಎತ್ತರಕ್ಕೆ, ಬೇಲಿ ನೆಟ್ಟ ಹಾಗೆ ನಿಂತಿದ್ದವು. ಸರ್ ಕಣ್ಣು ಅರಳಿತು. ನಳಿನಾಕ್ಷಿಗೂ ಸಂತೋಷವೇ, ಊರಿನ ಮಾನ ಉಳಿಯಿತಲ್ಲ! ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಲೇ ಇಲ್ಲ. ತಪ್ಪು ದಾರಿಗೆ ಹೊರಟವರನ್ನು ಎಚ್ಚರಿಸಿದೆ ಎಂದುಕೊಂಡಳು, ಮುಂದಿನ ಸರದಿಯವರನ್ನೂ ಎಚ್ಚರಿಸಿದಳು, ಅದರ ಮುಂದಿನವರನ್ನೂ. ಕೆಲವು ವಾರ ಕಳೆದ ಮೇಲೆ ಅವಳು ಹೇಳುವ ಅಗತ್ಯವೂ ಬೀಳಲಿಲ್ಲ. ಬಂದವರೇ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ದೈವದ ಹೆಸರನ್ನು ಅವಳು ಇಟ್ಟಿರಲಿಲ್ಲ, ಅದನ್ನೂ ಜನರೇ ಇಟ್ಟರು.

ಒಳಗೆ ಇದರ ಗಾಳಿಯೂ ಸುಳಿಯಲಿಲ್ಲ. ಪ್ರಯೋಗ ನಡೆಯುವಾಗ ಸರ್ ಆಗಲಿ ಶ್ರಾವಣಿಯಾಗಲಿ ಬೆಂಚಿನ ಕಡೆ ಸುಳಿಯಬಾರದೆಂಬುದು ಅವರದೇ ನಿಯಮ. ಜನ ಏಕಾಏಕಿ ಸತ್ಯವಂತರಾದದ್ದಕ್ಕೆ ಅವರು ಕಾರಣ ಹುಡುಕಿದರು, ಸಿಕ್ಕಿಯೂ ಬಿಟ್ಟಿತು. ಎರಡನೇ ಸರದಿಯಿಂದ ಕೂರುವ ಜಾಗ ಬದಲಾಗಿತ್ತು. ಮೊದಲು ಬೇರೆ ಬೇರೆ ಕುರ್ಚಿ, ಆಮೇಲೆ ಎಲ್ಲರಿಗೂ ಒಂದೇ ಬೆಂಚು. ಗುರುತಿನವರು ಒಟ್ಟಿಗೆ ಕುಳಿತರೆ ಮನುಷ್ಯ ಪ್ರಾಮಾಣಿಕನಾಗುತ್ತಾನೆ! ಸರ್ ಅದನ್ನು ಬರೆದರು, ಹೊರದೇಶದ ದೊಡ್ಡ ಪತ್ರಿಕೆ ಅಚ್ಚು ಹಾಕಿತು. ಶ್ರಾವಣಿ ಅದರ ಮೇಲೆಯೇ ಪ್ರಬಂಧ ಬರೆದು ಒಪ್ಪಿಸಿದಳು. ಇನ್ನೂ ಎರಡು ಮೂರು ಕಡೆಯವರು ಬೆಂಚು ಹಾಕಿ ಪರೀಕ್ಷೆ ಶುರುಮಾಡಿದರು. ಹೊಸ ಪ್ರಾಜೆಕ್ಟು ಬಂತು, ಅದರ ಜೊತೆ ನಳಿನಾಕ್ಷಿಯ ಖಾಯಂ ಆದೇಶವೂ ಆಡಳಿತ ಮಂಡಳಿಯ ಮೇಜಿಗೆ ಹೋಯಿತು. ಈಗಲಾದರೂ ಅವಳಿಗೆ ಎದೆಯಲ್ಲಿ ಏನೋ ಚುಚ್ಚಬೇಕಿತ್ತು. ಚುಚ್ಚಿತು ಕೂಡ, ಆದರೆ ಖಾಯಂ ಎಂಬ ಶಬ್ದ ಅದರ ಮೇಲೆ ದಪ್ಪ ಕಂಬಳಿ ಹೊದಿಸಿತು.

ಹಾಗೇ ಹೋಗುತ್ತಿತ್ತೇನೋ, ಅನುಷ್ಕಾ ಬಾರದಿದ್ದರೆ.

ಅನುಷ್ಕಾ ಕುಲಶೇಖರದವಳೇ, ಬಟ್ಟೆ ಅಂಗಡಿಯಲ್ಲಿ ಕೆಲಸ, ನಳಿನಾಕ್ಷಿ ಎತ್ತಿ ಆಡಿಸಿದ ಹುಡುಗಿ. ಈಗ ಅವಳಿಗೇ ಪ್ರಾಪ್ತಿ ಎಂಬ ಪುಟ್ಟ ಮಗಳು. ಒಂದು ಬೆಳಿಗ್ಗೆ ಆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಕಾಲೇಜಿನ ಹಿಂದಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮಗುವಿನ ಮೈ ಕೆಂಡ. ಜ್ವರ ಬಂದು ದಿನಗಳಾಗಿದ್ದವು. ಡಾಕ್ಟರು ರಕ್ತ ನೋಡಿ ಕೂಡಲೇ ಅಡ್ಮಿಟ್ ಮಾಡಿ ಎಂದಿದ್ದರು. ಆದರೆ ಅತ್ತೆ ಬಿಟ್ಟಿರಲಿಲ್ಲ, ಏನು ತಪ್ಪು ಮಾಡಿ ಬಂದಿದ್ದೀ ಹೇಳು ಎಂದು ಹಿಡಿದು ಕೂತಿದ್ದರು. ತಪ್ಪು ಇತ್ತು. ಅನುಷ್ಕಾ ಪ್ರಯೋಗಕ್ಕೆ ಬಂದಿದ್ದ ದಿನ ದಾಳದಲ್ಲಿ ಎರಡು ಬಿದ್ದಿತ್ತು, ಅವಳು ಆರು ಎಂದಿದ್ದಳು. ಈಗ ತಪ್ಪುಕಾಣಿಕೆ ಹಾಕಲು ಬಂದಿದ್ದಳು. ಮಾಡಿದ ತಪ್ಪನ್ನು ದೈವದ ಮುಂದೆ ಒಪ್ಪಿ, ಕಾಣಿಕೆ ಇಟ್ಟು, ಬಿಟ್ಟುಬಿಡು ಎಂದು ಬೇಡಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ.

ನಳಿನಾಕ್ಷಿ ಓಡಿ ಹತ್ತಿರ ಬಂದಳು. ಮಗುವನ್ನು ಮುಟ್ಟಿ ನೋಡಿದಳು, ಕಣ್ಣು ಮೇಲೆ ಹೋಗಿತ್ತು. ಅನುಷ್ಕಾಳ ರಟ್ಟೆ ಹಿಡಿದು ಮರೆಗೆ ಎಳೆದುಕೊಂಡು, ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಕಕ್ಕಿಬಿಟ್ಟಳು.

"ಇಲ್ಲಿ ಎಂತದೂ ಇಲ್ಲ ಮಗಾ. ದೈವ ಇಲ್ಲ, ಕಲ್ಲಿಲ್ಲ. ನಾನೇ ಸುಳ್ಳು ಹೇಳಿದ್ದು. ಮೊದಲು ಆಸ್ಪತ್ರೆಗೆ ಹೋಗು."

ಅನುಷ್ಕಾ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು.

"ನಿಮ್ಮ ಸರ್‌ಗೆ ಹೆದರಿ ಹಾಗೆ ಹೇಳ್ತೀರಿ ಅಲ್ವಾ ಅಕ್ಕ? ಇಲ್ಲ ಅಂತ ಮಾತ್ರ ಹೇಳ್ಬೇಡಿ. ನಿಮಗೂ ಒಬ್ಬ ಮಗ ಇದ್ದಾನೆ."

ನಳಿನಾಕ್ಷಿ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಆಣೆ ಇಟ್ಟು ಹೇಳಿದಳು. ಯಾರ ಆಣೆ ಇಡುವುದು? ಅದೇ ದೈವದ ಆಣೆ ಇಟ್ಟು ದೈವ ಇಲ್ಲ ಎನ್ನಲಾಗುತ್ತದೆಯೇ! ಅನುಷ್ಕಾ ಕಾಣಿಕೆ ಇಡದೆ ಒಂದು ಹೆಜ್ಜೆ ಕದಲಲಿಲ್ಲ. ಮಗು ಹೆಗಲ ಮೇಲೆ ನರಳಿತು. ಇನ್ನು ವಾದ ಮಾಡುತ್ತ ನಿಂತರೆ ಆ ಜೀವ ಉಳಿಯುವುದಿಲ್ಲ ಎಂದು ನಳಿನಾಕ್ಷಿಗೆ ಕಂಡಿತು. ಬಕೆಟ್ಟನ್ನೂ ಬಟ್ಟೆಯನ್ನೂ ಆಚೆ ನೂಕಿ, ಮುರಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಂದೆ ಕಾಯಿ ಇಡಿಸಿದಳು. ದೈವ ಮಾಫಿ ಮಾಡಿತು, ಇನ್ನು ತಡ ಮಾಡದೆ ಹೋಗು ಎಂದು ತಾನೇ ಅಪ್ಪಣೆ ಕೊಟ್ಟು, ಅರ್ಶದನನ್ನು ಫೋನಿನಲ್ಲಿ ಕರೆಸಿ, ಅವನ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದಳು.

ಮಗು ಬದುಕಿತು. ಡೆಂಗ್ಯು ಆಗಿತ್ತಂತೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರಂತೆ ಡಾಕ್ಟರು. ಆದರೆ ಕುಲಶೇಖರದಲ್ಲಿ ಡಾಕ್ಟರ ಹೆಸರು ಎತ್ತಿದವರು ಯಾರು? ಬಲ್ಮಠದ ಮೆಟ್ಟಿಲಡಿಯ ಕಾರಣಿಕ ಎಂಬ ಮಾತೇ ಬೀದಿ ಬೀದಿ ತಿರುಗಿತು. ಮರುವಾರ ಕಲ್ಲಿನ ಮೇಲೆ ಯಾರೋ ಕೇಪುಳದ ಹೂ ಇಟ್ಟು ಹೋದರು. ಆಮೇಲೆ ಊದುಬತ್ತಿ ಬಂತು, ಎಣ್ಣೆಯ ಹಣತೆ ಬಂತು. ವಾಚ್‌ಮನ್ ತಡೆಯಲಿಲ್ಲ, ಅವನೇ ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತಿದ್ದ. ನಳಿನಾಕ್ಷಿಯ ಬಕೆಟ್ಟಿಗೆ ಅಲ್ಲಿ ಜಾಗ ಇಲ್ಲದಂತಾಯಿತು. ಬಸ್ಸಿನಲ್ಲಿ ಅವಳು ಯಾರ ಹತ್ತಿರವೂ ಮಾತನಾಡುವುದನ್ನು ಬಿಟ್ಟಳು. ಬಾಯಿ ತೆರೆದರೆ ಎಲ್ಲಿ ಇನ್ನೊಂದು ಕಲ್ಲು ಎದ್ದು ನಿಲ್ಲುತ್ತದೋ ಎಂಬ ಭಯ. ಊಟ ಸೇರುತ್ತಿರಲಿಲ್ಲ. ಎಂತ ಆಯ್ತು ಮಾರಾಯ್ತಿ, ಖಾಯಂ ಆಗುವ ಹೊತ್ತಿಗೆ ಹೀಗೆ ಒಣಗ್ತೀ ಎಂದು ಮುಖೇಶ್ ಕೇಳಿದರೆ ಎದ್ದು ಪಾತ್ರೆ ತೊಳೆಯಲು ಹೋಗುವಳು.

ಕಡೆಗೆ ಅವಳೇ ಗಟ್ಟಿ ಮನಸ್ಸು ಮಾಡಿದಳು. ಖಾಯಂ ಹೋದರೆ ಹೋಗಲಿ, ಬೀಡಿ ಕಟ್ಟಿಯಾದರೂ ಬದುಕಿಯೇನು, ಈ ಉರುಳು ಕುತ್ತಿಗೆಯಿಂದ ಇಳಿದರೆ ಸಾಕು. ಒಂದು ಮಧ್ಯಾಹ್ನ ಸರ್ ಕೋಣೆಗೆ ಹೋಗಿ, ಕೂರಿ ಎಂದರೂ ಕೂರದೆ, ಅರ್ಶದನ ತಮಾಷೆಯಿಂದ ಹಿಡಿದು ಅನುಷ್ಕಾಳ ತೆಂಗಿನಕಾಯಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಬೆಂಚಿನಿಂದ ಅಲ್ಲ ಸರ್, ನನ್ನ ಸುಳ್ಳಿನಿಂದ ಅವರೆಲ್ಲ ಸತ್ಯ ಹೇಳಿದ್ದು ಎಂದಳು. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತ ಬಂತು. ಬೈಯಲಿ, ಈಗಿಂದೀಗಲೇ ಹೊರಗೆ ಹಾಕಲಿ ಎಂದು ಕಾದು ನಿಂತಳು.

ರಘುವೀರ ಸರ್ ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಎದ್ದು ಬಾಗಿಲು ಮುಚ್ಚಿ ಬಂದು ಕುಳಿತರು. ಶ್ರಾವಣಿಯ ಪ್ರಬಂಧ ಪರೀಕ್ಷಕರ ಕೈಯಲ್ಲಿದೆ ಎಂದರು. ಅವಳಿಗೆ ಹೊರಗೆ ಕೆಲಸ ನಿಶ್ಚಯವಾಗಿದೆ ಎಂದರು. ಅಚ್ಚಾದದ್ದನ್ನು ವಾಪಸು ಪಡೆದರೆ ಈ ಪ್ರಯೋಗಾಲಯಕ್ಕೆ ಬೀಗ, ತನಗೆ ಈ ಜನ್ಮದಲ್ಲಿ ಮುಖ ಎತ್ತಿ ನಡೆಯುವ ಹಾಗಿಲ್ಲ ಎಂದರು. ಹೇಳುತ್ತಿದ್ದದ್ದು ಅವಳಿಗೋ ಗೋಡೆಗೋ ತಿಳಿಯುವಂತಿರಲಿಲ್ಲ. ಆಮೇಲೆ ತಲೆ ಎತ್ತಿ ಕೇಳಿದರು.

"ಇದನ್ನು ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಅನುಷ್ಕಾಳಿಗೆ ಹೇಳಿದೆ ಸರ್. ಅವಳು ನಂಬ್ಲಿಲ್ಲ."

ಹೊರಗೆ ಬೆಲ್ಲು ಹೊಡೆಯಿತು, ಹುಡುಗರು ಗದ್ದಲ ಮಾಡುತ್ತ ಮೆಟ್ಟಿಲಿಳಿದು ಹೋದರು.

"ಹಾಗಾದ್ರೆ ನಾನೂ ನಂಬುದಿಲ್ಲ," ಎಂದರು ಸರ್. "ನೀವು ಜನರನ್ನು ಬೆಂಚಿನಲ್ಲಿ ಕೂರಿಸಿದ್ದೀರಿ, ಅಷ್ಟೇ. ನಾಳೆ ಹೊಸ ಪ್ರಾಜೆಕ್ಟಿನವರು ಬರ್ತಾರೆ. ಯಾವಾಗಿನ ಹಾಗೆ ನಿಂತುಕೊಳ್ಳಿ."

ಅವಳು ಮತ್ತೇನೋ ಹೇಳಹೊರಟಳು. ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು. ವಾರದೊಳಗೆ ಆದೇಶ ಕೈಗೆ ಬಂತು. ಅರವತ್ತು ತುಂಬುವವರೆಗೆ, ಅದೇ ಪ್ರಯೋಗಾಲಯದಲ್ಲಿ, ಬೇರೆ ವಿಭಾಗಕ್ಕೆ ವರ್ಗವಿಲ್ಲದ ಖಾಯಂ ಹುದ್ದೆ. ಮುಖೇಶ್ ಅವತ್ತು ಬೆನ್ನುನೋವು ಮರೆತು ತಾನೇ ಹೋಗಿ ಕೋಳಿ ತಂದ. ಅವಳು ತನ್ನ ಪಾಲನ್ನೂ ಮಗನ ಬಟ್ಟಲಿಗೆ ಹಾಕಿದಳು. ಜೂನ್ ತಿಂಗಳಲ್ಲಿ ಬಾಗಿಲಲ್ಲಿ ನಿಂತು ಕೆಲಸ ಬೇಡುತ್ತಿದ್ದಾಗ ಬೇಡ ಎಂದು ಎದ್ದು ಹೋಗುವ ದಾರಿಯಾದರೂ ಇತ್ತು. ಈಗ ಅದೂ ಇಲ್ಲ. ಗಂಡನ ಮದ್ದು, ಮಗನ ಪಾಲಿಟೆಕ್ನಿಕ್, ಶ್ರಾವಣಿಯ ಹೆಸರು, ಸರ್ ಮುಖ, ಎಲ್ಲವೂ ಆ ಕಲ್ಲಿನ ಮೇಲೆಯೇ ನಿಂತಿದ್ದವು.

ಹೊಸ ಪ್ರಾಜೆಕ್ಟಿನ ಒಂದು ದಿನ ಅವಳು ಬೇಗ ಬಂದಳು. ಇವತ್ತು ಆ ಕಲ್ಲನ್ನು ಎತ್ತಿ ಕಾಂಪೌಂಡಿನ ಆಚೆ ಎಸೆಯುವುದೇ ಸರಿ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದಳು. ಮೆಟ್ಟಿಲಡಿಗೆ ಬಗ್ಗಿ ಕೈ ಚಾಚಿದಳು. ಹೂವಿನ ರಾಶಿಯ ಕೆಳಗೆ ಕಲ್ಲು ಎಣ್ಣೆ ಕುಡಿದು ಕಪ್ಪಾಗಿ ಮಿರುಗುತ್ತಿತ್ತು. ಕೈ ಮುಂದೆ ಹೋಗಲಿಲ್ಲ. ತಾನೇ ನಿಲ್ಲಿಸಿದ ಕಲ್ಲು, ತಾನೇ ಹುಟ್ಟಿಸಿದ ಮಾತು, ಆದರೂ ಕೈ ಹೋಗಲಿಲ್ಲ. ಇಷ್ಟು ಮಂದಿ ಕೈಮುಗಿದ ಮೇಲೆ ಏನಾದರೂ ಬಂದು ಸೇರಿದ್ದರೆ? ಮೊಣಕಾಲೂರಿ ಅಲ್ಲೇ ಕುಳಿತುಬಿಟ್ಟಳು, ಅಳು ಒತ್ತರಿಸಿ ಬಂತು. ಸತ್ಯವನ್ನು ಹೇಳಲು ಇನ್ನು ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ತುಳುವಿನಲ್ಲಿ, ತಗ್ಗಿದ ದನಿಯಲ್ಲಿ, ಆ ಕಲ್ಲಿಗೇ ಎಲ್ಲ ಹೇಳಿದಳು. ನೀನು ಇಲ್ಲ ಎಂದು ನಾನು ಇಬ್ಬರಿಗೆ ಹೇಳಿದೆ, ಇಬ್ಬರೂ ಕೇಳಲಿಲ್ಲ, ನನ್ನನ್ನು ಬಿಟ್ಟುಬಿಡು ಎಂದಳು. ಸೆರಗಿನ ಗಂಟು ಬಿಚ್ಚಿ ಬಸ್ಸಿನ ಚಿಲ್ಲರೆಯನ್ನು ಕಲ್ಲಿನ ಮುಂದೆ ಇಟ್ಟಳು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಪ್ರಯೋಗಕ್ಕೆ ಬಂದವರು ಆಗಲೇ ಬೆಂಚಿನಿಂದ ಇಳಿದು ಮೆಟ್ಟಿಲ ಬುಡದಲ್ಲಿ ಸಾಲಾಗಿ ಕೈಮುಗಿದು ನಿಂತಿದ್ದರು. ಮುಂದೆ ಇದ್ದವಳು ಅಪರಿಚಿತ ಹೆಂಗಸು, ಮೀನು ಮಾರುವವಳಿರಬೇಕು, ಬುಟ್ಟಿಯನ್ನು ಬದಿಗಿಟ್ಟಿದ್ದಳು. ಸ್ವಲ್ಪ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಅಮ್ಮಾ, ನೀವು ಹೇಳಿದ್ರೆ ಕೇಳ್ತದಂತೆ ಅಲ್ವಾ. ನನ್ನದೂ ಒಂದು ಹೇಳಿ."

ಇಲ್ಲ ಎನ್ನಲು ನಳಿನಾಕ್ಷಿ ಬಾಯಿ ತೆರೆದಳು. ಮೇಲಿನ ಬಾಗಿಲಲ್ಲಿ ರಘುವೀರ ಸರ್ ನಿಂತಿದ್ದರು. ಅವಳನ್ನು ನೋಡಿದರು, ಸಾಲನ್ನು ನೋಡಿದರು, ಸದ್ದಿಲ್ಲದೆ ಒಳಗೆ ಸರಿದು ಬಾಗಿಲು ಎಳೆದುಕೊಂಡರು.

ನಳಿನಾಕ್ಷಿ ಕಣ್ಣೊರೆಸಿಕೊಂಡು ಕಲ್ಲಿನ ಕಡೆ ತಿರುಗಿ ಕುಳಿತಳು. ಆಮೇಲೆ ಆ ಹೆಂಗಸಿನ ಮನೆಯ ಹೆಸರು ಕೇಳಿದಳು.